ಇವತ್ತು ಯಾರ ಕನ್ನಡ ಕೇಳೋಣ?

ಶುಕ್ರವಾರ ರಾತ್ರಿ ಊಟ ಮುಗಿಸಿ ಕೂತು, 'ಏನಾದ್ರೂ ಒಳ್ಳೇದು ಹಾಕು' ಅಂತ ಯಾರೋ ಹೇಳಿ, ಮುಕ್ಕಾಲು ಗಂಟೆ ಆದ ಮೇಲೂ ಟ್ರೇಲರುಗಳಲ್ಲೇ ಸುತ್ತುತ್ತಿರುವ ಮನೆ ನಿಮ್ಮದೂ ಆಗಿದ್ದರೆ ಈ ಬರಹ ನಿಮಗೆ. ಮೆಲ್ಬರ್ನಿನ ನಮ್ಮ ಮನೆ ಹಾಗೇ ಇತ್ತು. ಚಳಿಗಾಲದಲ್ಲಿ ಮಂಡ್ಯದ ಕಡೆಯಿಂದ ಅಪ್ಪ ಮೂರು ತಿಂಗಳಿಗೆ ಬಂದಿದ್ದರು. ಮೊದಲ ಆರು ಶುಕ್ರವಾರಗಳಲ್ಲಿ ನಾವು ಪೂರ್ತಿ ನೋಡಿದ್ದು ಒಂದೇ ಸಿನಿಮಾ. ಉಳಿದ ರಾತ್ರಿಗಳಲ್ಲಿ ನಾನು ಪೋಸ್ಟರು ಸರಿಸುತ್ತಿದ್ದೆ, ಮಗಳು ಫೋನ್ ನೋಡುತ್ತಿದ್ದಳು, ಅಪ್ಪ ಸೋಫಾದಲ್ಲೇ ತೂಕಡಿಸಿ, 'ನೀವು ನೋಡ್ಕಳಿ ಕಣವ್ವ' ಅಂತ ಎದ್ದು ಹೋಗುತ್ತಿದ್ದರು. ಅವರಿಗೆ ಎಪ್ಪತ್ತೆಂಟು. ಇಷ್ಟು ದೂರ ಇನ್ನೊಂದು ಸಲ ಬರ್ತಾರೋ ಇಲ್ಲವೋ.

ಆಯ್ಕೆ ಜಾಸ್ತಿಯಾಗಿದ್ದೇ ತಪ್ಪು ಅಂತ ಎಲ್ಲರೂ ಹೇಳ್ತಾರೆ. ಇದಕ್ಕೆ ಆಧಾರವಾಗಿ 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ ಜಾಮ್ ಪ್ರಯೋಗವನ್ನು ತೋರಿಸುವುದುಂಟು. ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಕೊಂಡವರು ಶೇ. 3, ಬರೀ 6 ಇಟ್ಟಾಗ ಶೇ. 30. ಆದರೆ 2010ರಲ್ಲಿ ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದವರಿಗೆ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಅಂತ ಕಂಡಿತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಹುಳಿಗೆ ಏನು ಬೇಕು ಅಂತ ಮನೆಯಲ್ಲೇ ಯೋಚಿಸಿ ಹೊರಟವರಿಗೆ ಸಂತೆ ದೊಡ್ಡದಾದಷ್ಟೂ ಅನುಕೂಲವೇ. ಸುಮ್ಮನೆ ಹೋದವರು ಮಾತ್ರ ಚೀಲ ಖಾಲಿ ಹಿಡಿದು ಬರುತ್ತಾರೆ.

ನಮ್ಮ ಪ್ರಶ್ನೆಯೇ ಸರಿಯಿರಲಿಲ್ಲ. 'ಒಳ್ಳೇದು ಯಾವುದು?' ಅಂತ ಕೇಳಿದರೆ ನೂರು ಪಟ್ಟಿ ಸಿಗುತ್ತೆ. 'ನೋಡಲೇಬೇಕಾದ ಹತ್ತು ಕನ್ನಡ ಚಿತ್ರಗಳು' ಅನ್ನೋ ಪಟ್ಟಿಗಳನ್ನು ನೀವೂ ಓದಿರುತ್ತೀರಿ. ಅವು ನಿರ್ದೇಶಕರ ಹೆಸರು, ಪ್ರಶಸ್ತಿ, ಗಳಿಕೆ ಎಲ್ಲ ಹೇಳುತ್ತವೆ. ಆ ಸಿನಿಮಾದ ಜನ ಯಾವ ಊರಿನ ಮಾತು ಆಡುತ್ತಾರೆ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಆ್ಯಪುಗಳಲ್ಲಂತೂ 'ಕನ್ನಡ' ಅಂದರೆ ಒಂದೇ ಡಬ್ಬ. ಡಬ್ ಆಗಿ ಬಂದದ್ದೂ ಅದರೊಳಗೇ.

ಇದು ನನಗೆ ಹೊಳೆದದ್ದು ಸ್ವಲ್ಪ ನಾಚಿಕೆಯ ಸಂದರ್ಭದಲ್ಲಿ. ಮಗಳಿಗೆ ಹದಿನೈದು. ಕಲಿತ ಕನ್ನಡ ಅಷ್ಟೂ ನನ್ನ ಬೆಂಗಳೂರು ಮಾತು ಮತ್ತು ವಾರಾಂತ್ಯದ ಪಾಠದ ಪುಸ್ತಕ. ತಾತ 'ಅಂಗೆ' ಅಂದರೆ ಅವಳು 'ಹಾಗೆ' ಅಂತ ತಿದ್ದುತ್ತಿದ್ದಳು. 'ಬಂದವ್ನೆ' ಅಂದರೆ 'ಬಂದಿದ್ದಾನೆ, ತಾತ'. ತಮಾಷೆ ಅಂದುಕೊಂಡು ನಾವೂ ನಗುತ್ತಿದ್ದೆವು. ಬರಬರುತ್ತಾ ಅಪ್ಪ ಅವಳ ಮುಂದೆ ಮಾತಾಡೋದನ್ನೇ ಕಮ್ಮಿ ಮಾಡಿದ್ದರು. ನನ್ನ ಗಮನಕ್ಕೆ ಅದು ಬಂದದ್ದು ತಡವಾಗಿ.

ಏಳನೇ ಶುಕ್ರವಾರ ನಾನು ಹುಡುಕಲಿಲ್ಲ, 'ತಿಥಿ' ಹಾಕಿದೆ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದದ್ದು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ನಾನು ಆರಿಸಿದ್ದು ಆ ಕಾರಣಕ್ಕಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ವೃತ್ತಿನಟರಲ್ಲದ ಊರಿನ ಜನರನ್ನೇ ಇಟ್ಟುಕೊಂಡು ಮಾಡಿದ ಚಿತ್ರ ಅದು. ನೂರು ದಾಟಿದ ಸೆಂಚುರಿ ಗೌಡ ದಾರಿಬದಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ, ಎದ್ದು ನಾಲ್ಕು ಹೆಜ್ಜೆ ಹೋಗಿ ಸತ್ತು ಬೀಳುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅವನ ಅಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಕಾಗದಪತ್ರವೂ ಬೇಡ. ಬ್ರಾಂದಿ ಹಿಡಿದು ಅಲೆಯುತ್ತಾನೆ. ಹಾಗಾದರೆ ಅಪ್ಪನೇ ಸತ್ತ ಅಂತ ದಾಖಲೆ ಮಾಡಿಸಿದರೆ?

ಮೊದಲ ಬೈಗುಳಕ್ಕೇ ಅಪ್ಪ ನೆಟ್ಟಗೆ ಕೂತರು. 'ಇವ ನಮ್ ಕಡೆಯೋನು ಕಣವ್ವ!' ಮಗಳು ಸಬ್‌ಟೈಟಲ್ ಓದೋದು ಬಿಟ್ಟು ತಾತನ ಕಡೆ ತಿರುಗಿದಳು. ಒಂದು ಊರಿಗೆ ಊರೇ ಹೀಗೆ ಮಾತಾಡುತ್ತೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಬೆಂಕಿ ಮುಂದೆ ಕೂತು ಗಡ್ಡಪ್ಪ ಕುರಿ ಕಾಯೋರಿಗೆ ತನ್ನ ಹಳೇ ಕತೆ ಹೇಳುವ ದೃಶ್ಯದಲ್ಲಿ ಇಬ್ಬರೂ ಸುಮ್ಮನಿದ್ದರು. ಏನು ಕತೆ ಅಂತ ನಾನು ಹೇಳಲ್ಲ, ನೋಡಿ. ಅಷ್ಟು ದೊಡ್ಡ ನೋವನ್ನು ಆ ಮನುಷ್ಯ ಎಷ್ಟು ಸಾದಾ ಮಾತಲ್ಲಿ ಹೇಳ್ತಾನೆ ಅಂದರೆ, ಅದನ್ನೇ ಪುಸ್ತಕದ ಕನ್ನಡದಲ್ಲಿ ಹೇಳಿಸಿದ್ದರೆ ನಾಟಕ ಆಗಿಬಿಡುತ್ತಿತ್ತು.

ಕುಂದುಗಳಿಲ್ಲ ಅಂತಲ್ಲ. ಮರಿಮೊಮ್ಮಗ ಅಭಿ ಹುಡುಗಿಯ ಹಿಂದೆ ಬೀಳುವ ಭಾಗ ನನಗೆ ಇರುಸುಮುರುಸು. ಅಲ್ಲಿ ಸಿನಿಮಾ ಅವನನ್ನು ಸುಲಭವಾಗಿ ಬಿಟ್ಟುಬಿಡುತ್ತದೆ. ಕತೆ ಬೇಗ ಓಡಬೇಕು ಅನ್ನೋರಿಗೆ ಮೊದಲರ್ಧ ಗಂಟೆ ಕಷ್ಟ. ಬೈಗುಳ ಧಾರಾಳವಾಗಿದೆ, ಚಿಕ್ಕ ಮಕ್ಕಳಿದ್ದರೆ ಬೇಡ.

ಅವತ್ತಿಂದ ನಮ್ಮ ಪ್ರಶ್ನೆ ಬದಲಾಯಿತು: ಇವತ್ತು ಯಾರ ಕನ್ನಡ? ಉತ್ತರ ಕರ್ನಾಟಕದ ಮಾತು ಕೇಳಬೇಕು ಅಂದರೆ 'ಶಿವಮ್ಮ ಯರೇಹಂಚಿನಾಳ' ಇದೆ. ಜೈಶಂಕರ್ ಆರ್ಯರ್ ನಿರ್ದೇಶನದ ಇದು 2022ರಲ್ಲಿ ಬುಸಾನ್ ಉತ್ಸವದಲ್ಲಿ ಗೆದ್ದು ಬಂತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗಿಗೆ ದುಡ್ಡು ಹಾಕುವ ಕತೆ. ಮಂಗಳೂರಿಗೆ ರಾಜ್ ಬಿ. ಶೆಟ್ಟಿಯ 'ಒಂದು ಮೊಟ್ಟೆಯ ಕಥೆ' (2017). ನಿಮ್ಮ ದೇಶದಲ್ಲಿ ಇವು ಯಾವ ಆ್ಯಪಿನಲ್ಲಿ ಸಿಗುತ್ತವೆ ಅಂತ ನೀವೇ ನೋಡಿಕೊಳ್ಳಬೇಕು, ಅದು ತಿಂಗಳಿಗೊಂದು ಥರ. ಕೊನೆಯ ಆರು ಶುಕ್ರವಾರಗಳಲ್ಲಿ ನಾವು ಐದು ಸಿನಿಮಾ ಮುಗಿಸಿದೆವು. ಒಂದು ವಾರ ಅಪ್ಪನಿಗೆ ಜ್ವರ.

ಮೊಟ್ಟೆಯ ಕಥೆಯ ರಾತ್ರಿ ಅಪ್ಪನಿಗೆ ಬೋಳುತಲೆಯ ಕನ್ನಡ ಮೇಷ್ಟ್ರು ತುಂಬಾ ಹಿಡಿಸಿದ, ಮಾತು ಮಾತ್ರ ಅರ್ಧ ಹಿಡಿಯಲಿಲ್ಲ. 'ಎಂತ ಅಂದ್ರೆ ಏನವ್ವ?' ಅಂತ ಮೊಮ್ಮಗಳನ್ನು ಕೇಳಿದರು.

'ಏನು ಅಂತ, ತಾತ.'

'ಅಂಗಾ?'

'ಊಂ, ಅಂಗೇ,' ಅಂದಳು.