ಕಟ್ಟಿದ ಮೂಗು: ಅನುಭವವೇ ಅಳತೆಯಲ್ಲ

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಗಳ ವಿಜ್ಞಾನ ಪ್ರದರ್ಶನವೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಒಂದು ಭಿತ್ತಿಪತ್ರದಲ್ಲಿ ಹೀಗಿತ್ತು: ‘ಹಬೆಗೆ ಸಿಂಬಳ ಕರಗಿ ಸೈನಸ್ ಬರಿದಾಗುತ್ತದೆ, ವೈರಸ್ ಸಾಯುತ್ತದೆ, ಮೆಂಥಾಲ್ ಮೂಗನ್ನು ತೆರೆಯುತ್ತದೆ.’ ಚಿತ್ರ ಅಚ್ಚುಕಟ್ಟಾಗಿತ್ತು; ಒಳ್ಳೆಯ ಅಂಕಗಳನ್ನೇ ಕೊಟ್ಟೆ. ಕೊಡಬಾರದಿತ್ತೆಂದು ಈಗ ಅನಿಸುತ್ತದೆ. ತಪ್ಪು ಮಕ್ಕಳದಲ್ಲ, ಪ್ರಶ್ನಿಸದೆ ಬಿಟ್ಟ ನಮ್ಮಂಥ ಶಿಕ್ಷಕರದು. ಆ ವಾಕ್ಯದ ಮೂರು ಭಾಗಗಳನ್ನೂ ಪರೀಕ್ಷಿಸೋಣ.

ಮೂಗು ಕಟ್ಟುವುದು ಸಿಂಬಳದಿಂದ ಮಾತ್ರವಲ್ಲ. ಒಳಪೊರೆಯ ರಕ್ತನಾಳಗಳು ಹಿಗ್ಗಿ ಪೊರೆ ಊದಿಕೊಳ್ಳುವುದೇ ಮುಖ್ಯ ಕಾರಣ. ಪ್ವಾಸೇಯ್ ನಿಯಮವನ್ನು ನೆನಪಿಸಿಕೊಳ್ಳಿ: ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಶೇ. 20ರಷ್ಟು ಕುಗ್ಗಿದರೆ ಹರಿವು ಮೊದಲಿದ್ದುದರ ಶೇ. 41ಕ್ಕೆ ಇಳಿಯುತ್ತದೆ. ಮೂಗು ದುಂಡನೆಯ ಕೊಳವೆಯಲ್ಲ, ನಿಜ. ಆದರೂ ಅಲ್ಪ ಊತವೂ ಏಕೆ ಅಷ್ಟು ಕಾಡುತ್ತದೆಂಬುದು ಇದರಿಂದ ಅರ್ಥವಾಗುತ್ತದೆ. ಇನ್ನು ಕೆನ್ನೆಯ ಸೈನಸ್ಸಿನ ಕಿಂಡಿ ಇರುವುದು ತಳದಲ್ಲಲ್ಲ, ಮೇಲ್ಭಾಗದಲ್ಲಿ. ಲೋಮಾಂಗಗಳೆಂಬ ಸೂಕ್ಷ್ಮ ರೋಮಗಳು ಸಿಂಬಳವನ್ನು ಗುರುತ್ವಕ್ಕೆ ಎದುರಾಗಿ ಮೇಲಕ್ಕೆ ತಳ್ಳುತ್ತವೆ. ಊತದಿಂದ ಕಿಂಡಿ ಮುಚ್ಚಿದರೆ ಸೈನಸ್ ಬರಿದಾಗುವುದಿಲ್ಲ.

ಹಬೆಗೆ ವೈರಸ್ ಸಾಯುತ್ತದೆಯೇ? ವೈರಸ್ ವೃದ್ಧಿಯಾಗುವುದು ನಮ್ಮ ಜೀವಕೋಶಗಳ ಒಳಗೆ. ಅಲ್ಲಿ ಅದನ್ನು ಕೊಲ್ಲುವಷ್ಟು ಕಾವು ತಲುಪಿದರೆ ಮೂಗಿನ ಒಳಪೊರೆಯೂ ಸುಡುತ್ತದೆ. ನೆಗಡಿಗೆ ಬಿಸಿ, ತೇವಭರಿತ ಗಾಳಿಯನ್ನು ಕೊಟ್ಟು ನೋಡಿದ ಪ್ರಯೋಗಗಳನ್ನು 2017ರ ಕಾಕ್ರೇನ್ ವಿಮರ್ಶೆ ಒಟ್ಟುಗೂಡಿಸಿತು. ಸ್ಥಿರವಾದ ಪ್ರಯೋಜನ ಕಾಣಲಿಲ್ಲ. ಹಾಯೆನಿಸುವುದು ಸುಳ್ಳಲ್ಲ. ಆದರೆ ಆ ಹಾಯಿಗಾಗಿ ಮಗುವಿನ ಮುಂದೆ ಕುದಿಯುವ ನೀರಿನ ಪಾತ್ರೆ ಇಡುತ್ತೇವೆ. ಪಾತ್ರೆ ಮಗುಚಿ ಮಕ್ಕಳ ತೊಡೆ, ಹೊಟ್ಟೆ ಬೇಯುವುದನ್ನು ಸುಟ್ಟಗಾಯಗಳ ವೈದ್ಯರು ಬಲ್ಲರು.

ಮೆಂಥಾಲಿನ ಕಥೆ ಇನ್ನೂ ಸ್ವಾರಸ್ಯಕರ. ಎಕ್ಲ್ಸ್ ಮತ್ತು ಜೋನ್ಸ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೆಂಥಾಲ್ ಸೇವಿಸಿದವರು ಮೂಗು ಬಿಟ್ಟಿತೆಂದರು. ಗಾಳಿಯ ಹರಿವಿಗಿದ್ದ ಪ್ರತಿರೋಧವನ್ನು ಉಪಕರಣದಿಂದ ಅಳೆದಾಗ ಬದಲಾವಣೆ ಇರಲಿಲ್ಲ! ಕಾರಣ 2002ರಲ್ಲಿ ಸ್ಪಷ್ಟವಾಯಿತು: ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನನ್ನು ಮೆಂಥಾಲ್ ಪ್ರಚೋದಿಸುತ್ತದೆ. ಉಸಿರೆಳೆದಾಗ ತಂಪಾದರೆ ಗಾಳಿ ಸರಾಗವಾಗಿದೆ ಎಂದು ಮಿದುಳು ತಿಳಿಯುತ್ತದೆ. ಇದನ್ನು ಕಂಡುಹಿಡಿದವರಲ್ಲೊಬ್ಬರಾದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪಡೆದರು.

ಮನೆಮದ್ದನ್ನಷ್ಟೇ ಟೀಕಿಸಿ ಮಾತ್ರೆಯನ್ನು ಬಿಟ್ಟರೆ ನ್ಯಾಯವಲ್ಲ. ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಅನ್ನು ನುಂಗಿದರೆ ಕಟ್ಟಿದ ಮೂಗಿಗೆ ಪರಿಣಾಮವಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಅಷ್ಟರಲ್ಲಿ ಜನ ಅದನ್ನು ದಶಕಗಳ ಕಾಲ ನುಂಗಿದ್ದರು. ಮೂಗಿಗೆ ಹಾಕುವ ಆಕ್ಸಿಮೆಟಜೋಲಿನ್‌ನಂಥ ಹನಿಗಳು ಊತವನ್ನು ನಿಜಕ್ಕೂ ಇಳಿಸುತ್ತವೆ. ಆದರೆ ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮತ್ತೆ ಕಟ್ಟಿಕೊಳ್ಳುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿ ಸಿಂಬಳವನ್ನು ಕೊಚ್ಚಿ ಹೊರತರುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದರೆ ದ್ರಾವಣ ರಕ್ತದ ಪರಾಸರಣ ಒತ್ತಡಕ್ಕೆ ಹೊಂದುತ್ತದೆ, ಉರಿಯುವುದಿಲ್ಲ. ಆದರೆ ನಲ್ಲಿನೀರನ್ನು ನೇರವಾಗಿ ಬಳಸಲೇಬೇಡಿ, ಕುದಿಸಿ ಆರಿಸಿ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿನೀರಿನಿಂದ ಹೀಗೆ ಮೂಗು ತೊಳೆದ ಇಬ್ಬರು, ಮಿದುಳಿಗೆ ನುಗ್ಗುವ ನೆಗ್ಲೇರಿಯಾ ಅಮೀಬಾದಿಂದ ಸತ್ತರು.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡಿ. ತಟ್ಟೆಯ ಮೇಲೆ ಎರಡು ಮಂಜಿನ ಕಲೆಗಳು ಮೂಡುತ್ತವೆ. ಅವುಗಳ ಅಗಲವನ್ನು ಅಳೆಯಿರಿ. ಪೆಪ್ಪರ್‌ಮಿಂಟ್ ಚೀಪಿದ ಮೇಲೆ ಮತ್ತೆ ಅಳೆಯಿರಿ. ಇದು ಒರಟು ಅಳತೆಯೇ. ಆದರೂ ‘ಮೂಗು ಬಿಟ್ಟಿತು ಸಾರ್’ ಎನ್ನುವ ವಿದ್ಯಾರ್ಥಿಗೆ ‘ತಟ್ಟೆ ಏನು ಹೇಳುತ್ತದೆ?’ ಎಂದು ಕೇಳಬಹುದು. ಅಂದು ಆ ಭಿತ್ತಿಪತ್ರದ ಮುಂದೆ ನಿಂತು ನಾನು ಕೇಳಬೇಕಿದ್ದ ಪ್ರಶ್ನೆಯೂ ಅದೇ.