ವಿರಳತೆಯೆಲ್ಲ ವರ್ಜನೆಯೇ? ಚೀನೀ ಭಾಷಿಕರ ಇಂಗ್ಲಿಷಿನಲ್ಲಿ ಸಂಬಂಧವಾಚಕ ಉಪವಾಕ್ಯ

ದೋಷಗಳನ್ನಷ್ಟೇ ಎಣಿಸುವ ವಿಶ್ಲೇಷಣೆಯ ಮಿತಿಯನ್ನು ಜಾಕೆಲಿನ್ ಶಾಕ್ಟರ್ 1974ರ ಲೇಖನದಲ್ಲಿ ತೋರಿಸಿಕೊಟ್ಟರು. ಪ್ರತಿ ಭಾಷಾವರ್ಗದ 50 ಇಂಗ್ಲಿಷ್ ಪ್ರಬಂಧಗಳಲ್ಲಿ ಚೀನೀ ಭಾಷಿಕರು 76 ಸಂಬಂಧವಾಚಕ ಉಪವಾಕ್ಯಗಳನ್ನು ಬಳಸಿ 9ರಲ್ಲಿ ತಪ್ಪಿದ್ದರು. ಪರ್ಷಿಯನ್ ಭಾಷಿಕರು 174 ಬಳಸಿ 43ರಲ್ಲಿ ತಪ್ಪಿದ್ದರು. ಚೀನೀ ಭಾಷೆಯಲ್ಲಿ ಉಪವಾಕ್ಯವು ನಾಮಪದಕ್ಕೆ ಮೊದಲು ಬರುವುದರಿಂದ ಇಂಗ್ಲಿಷ್ ಕ್ರಮವು ಕಠಿಣವೆನಿಸಿ ಅವರು ಅದನ್ನು ವರ್ಜಿಸುತ್ತಾರೆಂಬುದು ಶಾಕ್ಟರ್ ಅವರ ತೀರ್ಮಾನ.

ವಿಧಾನದ ಕುರಿತ ಎಚ್ಚರಿಕೆಯನ್ನು ನಾವು ಒಪ್ಪುತ್ತೇವೆ; ತೀರ್ಮಾನವನ್ನು ಒಪ್ಪಲಾರೆವು. ವರ್ಜನೆಯೆಂದರೆ ಬಲ್ಲ ರಚನೆಯನ್ನು ಬೇಕೆಂದೇ ಬಿಡುವುದು. ಎಣಿಕೆಯು ವಿರಳತೆಯನ್ನು ತೋರಿಸೀತೇ ಹೊರತು ಉದ್ದೇಶವನ್ನಲ್ಲ. ಒಮ್ಮೆ ಹೇಳಿದ ವಿಷಯವನ್ನು ಪುನರುಕ್ತಿಸದೆ ಹಲವು ಉಪವಾಕ್ಯಗಳನ್ನು ಸಾಲಾಗಿ ಜೋಡಿಸುವುದು ಚೀನೀಗೆ ಸಹಜ. ಆ ಕ್ರಮ ಇಂಗ್ಲಿಷಿಗೂ ಬಂದರೆ ಸಂಬಂಧವಾಚಕದ ಅಗತ್ಯವೇ ಕುಗ್ಗುತ್ತದೆ. ಮಾತೃಭಾಷೆಯಲ್ಲಿನ ಬಳಕೆಯನ್ನೂ ಪರಿಗಣಿಸಬೇಕೆಂದು ಕಾಮಿಮೋಟೊ, ಶಿಮುರ, ಕೆಲ್ಲರ್‌ಮನ್ 1992ರಲ್ಲಿ ಎತ್ತಿದ ಆಕ್ಷೇಪ ಆದ್ದರಿಂದಲೇ ತೂಕವುಳ್ಳದ್ದು.

ಸ್ಥಾನಭೇದದ ವಾದಕ್ಕೆ ಕನ್ನಡವೊಂದು ಒರೆಗಲ್ಲು. 'ನಿನ್ನೆ ಬಂದ ಹುಡುಗ' ಎಂಬಲ್ಲಿಯೂ ಉಪವಾಕ್ಯವು ನಾಮಪದಕ್ಕೆ ಮೊದಲೇ ಬರುತ್ತದೆ. ಸ್ಥಾನವೊಂದೇ ಕಾರಣವಾದರೆ ಕನ್ನಡಿಗರ ಇಂಗ್ಲಿಷಿನಲ್ಲಿಯೂ ಅದೇ ವಿರಳತೆ ಕಾಣಬೇಕು. ಆದರೆ 'ಯಾರು ಬಂದರೋ ಅವರು' ಎಂಬ ಮಾದರಿಯ ಪ್ರಭಾವವನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ಬರೆಹದ ಎಣಿಕೆಯೊಡನೆ ಗ್ರಹಿಕೆಯ ಪರೀಕ್ಷೆಯೂ, ಆ ರಚನೆ ಅನಿವಾರ್ಯವಾಗುವ ಪ್ರಶ್ನೆಗಳೂ ಇರಲೇಬೇಕು. ಇಲ್ಲವಾದರೆ ಬಲ್ಲರೂ ಬಿಟ್ಟವರನ್ನು, ಅರಿಯದವರನ್ನು, ಅಗತ್ಯ ಕಾಣದವರನ್ನು ಒಂದೇ ಹೆಸರಿನಡಿ ಸೇರಿಸುತ್ತೇವೆ. ಬೋಧನೆಯೂ ಮೂವರಿಗೂ ಒಂದೇ ಮದ್ದು ನೀಡುತ್ತದೆ.