ಬಾಗಿಲು ಒಡೆಯುವ ಮುನ್ನ

ಕಮಾಂಡೊ ಕಥೆಗಳಿಗೆ ಒಂದು ಸಿದ್ಧ ಮುಕ್ತಾಯವಿದೆ. ಕಪ್ಪು ಉಡುಪಿನ ಯೋಧರು ಗೋಡೆಗೆ ಒರಗಿ ಸಾಲುಗಟ್ಟುತ್ತಾರೆ, ಮುಂದಾಳು ಬೆರಳಲ್ಲೇ ಸನ್ನೆ ಮಾಡುತ್ತಾನೆ, ಬಾಗಿಲು ಒಡೆಯುತ್ತದೆ, ಕೆಲವೇ ನಿಮಿಷಗಳಲ್ಲಿ ಭಯೋತ್ಪಾದಕರೆಲ್ಲ ನೆಲಕ್ಕುರುಳಿರುತ್ತಾರೆ. ಟಾಮ್ ಕ್ಲಾನ್ಸಿಯ ‘ರೇನ್‌ಬೋ ಸಿಕ್ಸ್’ (1998) ಕಾದಂಬರಿಯಲ್ಲಿರುವ ಈ ಭರವಸೆಯೇ ಆದಿತ್ಯ ಧರ್ ನಿರ್ದೇಶಿಸಿದ ‘ಉರಿ: ದ ಸರ್ಜಿಕಲ್ ಸ್ಟ್ರೈಕ್’ (2019) ಚಿತ್ರದಲ್ಲೂ ಇದೆ. ಆಯ್ದ ಯೋಧರ ಕೈಗೆ ಕೆಲಸ ಒಪ್ಪಿಸಿದರೆ ಭಯೋತ್ಪಾದನೆಯ ಕಥೆ ಅಲ್ಲಿಗೆ ಮುಗಿಯಿತು ಎಂಬ ನಂಬಿಕೆ ಅದು. ಈ ಪ್ರಕಾರದ ಮೇಲೆ ನನ್ನ ಆಕ್ಷೇಪ ಅದರ ಗುಂಡಿನ ಸದ್ದಿನ ಬಗ್ಗೆಯಲ್ಲ, ಅದರ ವೇಗದ ಬಗ್ಗೆಯೂ ಅಲ್ಲ. ಅದು ಕಥೆಯನ್ನು ತೀರಾ ತಡವಾಗಿ ಶುರುಮಾಡುತ್ತದೆ ಎಂಬುದೇ ನನ್ನ ತಕರಾರು. ಬಾಗಿಲು ಒಡೆಯುವ ಹೊತ್ತಿಗೆ ನಡೆಯಬೇಕಾದ್ದರಲ್ಲಿ ಬಹುಪಾಲು ನಡೆದುಹೋಗಿರುತ್ತದೆ. ಅದನ್ನು ನಡೆಸಿದವರು, ಅನುಭವಿಸಿದವರು ಕಮಾಂಡೊಗಳಲ್ಲದ ಜನ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಮಂಡ್ಯ ಜಿಲ್ಲೆಯೊಂದೇ ಸಾಕು. ಮಳವಳ್ಳಿ ತಾಲ್ಲೂಕಿನಲ್ಲಿ 1991ರಲ್ಲಿ ನಡೆದದ್ದು ಒಂದು ಸಾಕ್ಷಿ, ಮದ್ದೂರು ತಾಲ್ಲೂಕು 2019ರಲ್ಲಿ ಕಂಡದ್ದು ಇನ್ನೊಂದು.

ಮೊದಲನೆಯದನ್ನು ನೋಡೋಣ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಂಚಿನ ಮುಖ್ಯ ಸೂತ್ರಧಾರಿ ಶಿವರಸನ್ ಮತ್ತು ಅವನ ಜೊತೆಗಿದ್ದ ಶುಭಾ ಜೂನ್ ಕೊನೆಯಲ್ಲಿ ಟ್ಯಾಂಕರ್ ಲಾರಿಯೊಂದರಲ್ಲಿ ಅಡಗಿಕೊಂಡು ಮದ್ರಾಸಿನಿಂದ ಬೆಂಗಳೂರು ಸೇರಿದರು. ಅವರ ಸಂಘಟನೆ, ಶ್ರೀಲಂಕಾದ ತಮಿಳು ಬಂಡುಕೋರರ ಎಲ್‌ಟಿಟಿಇಯ ಗಾಯಾಳುಗಳಿಗೂ ಆಗ ಕರ್ನಾಟಕ ಆಸರೆಯಾಗಿತ್ತು. ಅವರಲ್ಲಿ ಕೆಲವರನ್ನು ಇರಿಸಿದ್ದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಮತ್ತು ಮಂಡ್ಯ ಜಿಲ್ಲೆಯದೇ ಇನ್ನೊಂದು ಹಳ್ಳಿಯಲ್ಲಿ. ಹಲಗೂರು ದಾಟಿ ಕಾಡಿನ ನಡುವೆ ಇಳಿದರೆ ಕಾವೇರಿ ದಂಡೆಯಲ್ಲಿ ಸಿಗುವ ಮುತ್ತತ್ತಿ, ಆಂಜನೇಯನಿಗೆ ಹರಕೆ ತೀರಿಸಲು ಊರೂರಿನ ಜನ ಬಂದುಹೋಗುವ ಜಾಗ. ಅಪರಿಚಿತ ಮುಖ ಅಲ್ಲಿ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಅಡಗುವವರಿಗೆ ಬೇಕಾದದ್ದು ಅಂಥದೇ ಊರು. ಆಗಸ್ಟ್ ಮಧ್ಯದಲ್ಲಿ ಪೊಲೀಸರು ಈ ಎರಡು ಹಳ್ಳಿಗಳ ಅಡಗುತಾಣಗಳನ್ನು ಮುತ್ತಿದಾಗ ಒಳಗಿದ್ದವರಲ್ಲಿ ಹಲವರು ಕೊರಳಲ್ಲಿದ್ದ ಸಯನೈಡ್ ಕುಪ್ಪಿಯನ್ನು ಕಚ್ಚಿ ಸತ್ತರು. ಅದರ ಬೆನ್ನಲ್ಲೇ ಬೆಂಗಳೂರಿನ ಕೋಣನಕುಂಟೆಯ ಮನೆಯ ಸುಳಿವು ಸಿಕ್ಕಿತು. ದೇಶದ ಅತ್ಯುತ್ತಮ ತರಬೇತಿ ಪಡೆದ ರಾಷ್ಟ್ರೀಯ ಭದ್ರತಾ ದಳದ ಕಮಾಂಡೊಗಳು ಬಂದು ಆ ಮನೆಯ ಸುತ್ತ ನಿಂತರು. ನಿಂತವರು ಕಾದರು. ಹಂತಕರನ್ನು ಜೀವಂತ ಹಿಡಿಯಬೇಕೆಂಬ ಆಸೆ, ಸಯನೈಡಿಗೆ ಪ್ರತಿವಿಷದ ಏರ್ಪಾಡು, ಮೇಲಿನವರ ಅಪ್ಪಣೆ, ಇವೆಲ್ಲ ಕೂಡಿಬರಲೆಂದು ಒಂದು ದಿನಕ್ಕೂ ಹೆಚ್ಚು ಕಾದರು. ಆಗಸ್ಟ್ 20ರ ಬೆಳಗಿನ ಜಾವ ಅವರು ಒಳನುಗ್ಗಿದಾಗ ಕಂಡದ್ದು ಏಳು ಹೆಣ. ಶಿವರಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ, ಉಳಿದವರು ವಿಷ ಕಚ್ಚಿದ್ದರು. ಅಂದು ರಾಜೀವ್ ಗಾಂಧಿಯವರ ಜನ್ಮದಿನ.

ಥ್ರಿಲ್ಲರ್ ಬರೆಯುವವನಿಗೆ ಇದು ಎಂಥ ತೊಡಕಿನ ಸಾಮಗ್ರಿ ಎಂದು ಯೋಚಿಸಿ. ಶತ್ರುವಿದ್ದಾನೆ, ಕಮಾಂಡೊ ಇದ್ದಾನೆ, ಮುತ್ತಿಗೆಯಿದೆ, ಆದರೆ ಕೊನೆಯಲ್ಲಿ ಕಾಳಗವೇ ಇಲ್ಲ. ಎ.ಎಂ.ಆರ್. ರಮೇಶ್ ಅವರ ‘ಸೈನೈಡ್’ (2006) ಈ ತೊಡಕನ್ನು ಮುಚ್ಚಿಹಾಕದೆ ಅದನ್ನೇ ಚಿತ್ರದ ಬೆನ್ನೆಲುಬು ಮಾಡಿಕೊಂಡಿತು. ಹಾಗಾಗಿಯೇ ಕನ್ನಡದಲ್ಲಿ ಭಯೋತ್ಪಾದನೆಯ ಬಗ್ಗೆ ಬಂದ ಕಥನಗಳಲ್ಲಿ ಅದಕ್ಕೆ ಎತ್ತರದ ಜಾಗ ಸಲ್ಲಬೇಕು ಎನ್ನುತ್ತೇನೆ. ಹಂತಕರ ಕೊನೆಯ ಕೆಲವು ವಾರಗಳನ್ನು ಚಿತ್ರ ತೋರಿಸುವುದು ಕಮಾಂಡೊಗಳ ದುರ್ಬೀನಿನಿಂದಲ್ಲ, ಆಸರೆ ಕೊಟ್ಟ ದಂಪತಿಯ ಮನೆಯೊಳಗಿನಿಂದ. ರಂಗಾಯಣ ರಘು ಗಂಡನಾಗಿ, ತಾರಾ ಹೆಂಡತಿಯಾಗಿ ನಟಿಸಿರುವ ಆ ಸಂಸಾರಕ್ಕೆ ಬಂದ ಅತಿಥಿಗಳು ಯಾರೆಂಬುದು ಹಂತಹಂತವಾಗಿ ತಿಳಿಯುತ್ತದೆ. ತಿಳಿದ ಮೇಲೂ ಅಡುಗೆ ಮಾಡಬೇಕು, ಬಡಿಸಬೇಕು, ಅಕ್ಕಪಕ್ಕದವರಿಗೆ ಏನಾದರೊಂದು ಹೇಳಬೇಕು. ರವಿ ಕಾಳೆಯ ಶಿವರಸನ್ ದನಿ ಏರಿಸಬೇಕಾಗಿಯೇ ಇಲ್ಲ, ಅವನು ಮನೆಯೊಳಗಿದ್ದಾನೆ ಎಂಬುದೇ ಭಯಕ್ಕೆ ಸಾಕು. ಭಯೋತ್ಪಾದನೆ ಎಂದರೇನು ಎಂಬುದನ್ನು ಸ್ಫೋಟದ ದೃಶ್ಯಗಳಿಗಿಂತ ಸ್ಪಷ್ಟವಾಗಿ ಆ ಹೆಂಡತಿಯ ಅಂಜಿಕೆ ಹೇಳುತ್ತದೆ. ತನ್ನ ಮನೆಯಲ್ಲಿ ತಾನೇ ಒತ್ತೆಯಾಳಾಗಿರುವವಳ ಪಾತ್ರಕ್ಕೆ ‘ರೇನ್‌ಬೋ ಸಿಕ್ಸ್’ ಮಾದರಿಯ ಕಥೆಯಲ್ಲಿ ಇರುವ ಕೆಲಸ ಒಂದೇ, ಬಿಡುಗಡೆಯಾಗುವುದು. ರಮೇಶ್ ಚಿತ್ರದಲ್ಲಿ ಕಥೆಯ ನೈತಿಕ ಭಾರವೆಲ್ಲ ಅವಳ ಮೇಲಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಲೇಬೇಕು. ಹಂತಕರ ಜೊತೆ ಎರಡು ಗಂಟೆ ಕಳೆದರೆ ಪ್ರೇಕ್ಷಕನಿಗೆ ಅವರ ಮೇಲೆ ಮರುಕ ಹುಟ್ಟುವುದಿಲ್ಲವೇ? ಶ್ರೀಪೆರಂಬುದೂರಿನಲ್ಲಿ ರಾಜೀವರೊಬ್ಬರೇ ಸಾಯಲಿಲ್ಲ. ಬಂದೋಬಸ್ತಿಗೆ ನಿಂತಿದ್ದ ಪೊಲೀಸರೂ ಸೇರಿದಂತೆ ಹತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಛಿದ್ರವಾದರು. ಅವರನ್ನು ಕೊಂದವರ ಕೊನೆಯ ಉಸಿರನ್ನು ಇಷ್ಟು ಹತ್ತಿರದಿಂದ ತೋರಿಸುವುದು ಸತ್ತವರಿಗೆ ಮಾಡುವ ಅನ್ಯಾಯ ಎನ್ನುವವರ ನೋವು ನಿಜವಾದದ್ದು. ಆದರೆ ಹತ್ತಿರದಿಂದ ತೋರಿಸುವುದು ಬೇರೆ, ಪಕ್ಷ ವಹಿಸುವುದು ಬೇರೆ. ಮಾಳವಿಕಾ ನಟಿಸಿದ ಶುಭಾಳ ಪಾತ್ರವನ್ನು ನೋಡಿದವರಿಗೆ ಅವಳ ನಿಷ್ಠೆ ಎಷ್ಟು ಕಠೋರವೆಂದು ಕಾಣುತ್ತದೆ. ಕಂಡಷ್ಟೂ ಅದು ಹೆಚ್ಚು ಹೆದರಿಸುತ್ತದೆ. ಹದಿಹರೆಯ ದಾಟಿದ ಹುಡುಗರ ಕೊರಳಿಗೆ ವಿಷ ಕಟ್ಟಿ ಕಳಿಸುವ ಸಂಘಟನೆಯ ಕ್ರೌರ್ಯ ಅರ್ಥವಾಗಬೇಕಾದರೆ, ಆ ಕುಪ್ಪಿಯನ್ನು ಕಟ್ಟಿಕೊಂಡವರ ಮುಖ ಕಾಣಲೇಬೇಕು. ಶತ್ರುವನ್ನು ಬರೀ ಗುರಿಯಾಗಿ ಬರೆಯುವ ಕಾದಂಬರಿ ಈ ಕ್ರೌರ್ಯವನ್ನು ಎಂದೂ ತಲುಪಲಾರದು. ಅದಕ್ಕೆ ಶತ್ರು ಸತ್ತರೆ ಸಾಕು, ಅವನು ಹೇಗೆ ತಯಾರಾದ ಎಂಬುದು ಬೇಡ.

‘ಸೈನೈಡ್’ ಚಿತ್ರದ ಮಿತಿ ಬೇರೆ ಕಡೆ ಇದೆ. ಅದರ ಕಣ್ಣು ಬೆಂಗಳೂರಿನ ಮನೆಯಲ್ಲಿ ನೆಟ್ಟಿದೆ. ಆ ಆಗಸ್ಟಿನ ಅರ್ಧ ಕಥೆ ನಡೆದ ಮುತ್ತತ್ತಿ ಅದರ ರಂಗವಲ್ಲ. ರಾಜಧಾನಿಗೆ ಕಮಾಂಡೊಗಳು ಬಂದರು, ಪತ್ರಕರ್ತರು ಬಂದರು, ಹದಿನೈದು ವರ್ಷದ ನಂತರ ಕ್ಯಾಮೆರಾ ಕೂಡ ಬಂತು. ಕಾವೇರಿ ದಂಡೆಯ ಹಳ್ಳಿಯಲ್ಲಿ ಒಳಗೆ ಏನಿದೆ, ಎಷ್ಟು ಜನರಿದ್ದಾರೆ, ಯಾವ ಆಯುಧವಿದೆ ಎಂದು ತಿಳಿಯದೆ ಬಾಗಿಲ ಮುಂದೆ ನಿಂತ ಪೊಲೀಸರ ಬಗ್ಗೆ ನಮ್ಮಲ್ಲಿ ಎಷ್ಟು ಕಥನವಿದೆ? ಅವರು ಕಪ್ಪು ಉಡುಪು ತೊಟ್ಟವರಲ್ಲ. ನಿನ್ನೆ ಜಾತ್ರೆಯ ಬಂದೋಬಸ್ತು ಮಾಡಿ, ನಾಳೆ ನ್ಯಾಯಾಲಯಕ್ಕೆ ಸಮನ್ಸ್ ಒಯ್ಯುವವರು. ಆಯ್ದ ಯೋಧನಿಗೆ ಇರುವ ತರಬೇತಿ, ನಕ್ಷೆ, ತಾಲೀಮು ಯಾವುದೂ ಇಲ್ಲದೆ ಅದೇ ಅಪಾಯದ ಮುಂದೆ ನಿಲ್ಲುವ ಧೈರ್ಯ ಎಂಥದು ಎಂಬ ಪ್ರಶ್ನೆ ಕಾದಂಬರಿಕಾರನಿಗೆ ಕಮಾಂಡೊ ಧೈರ್ಯಕ್ಕಿಂತ ಹೆಚ್ಚು ಆಳವಾದದ್ದು.

ಇದು ಮಂಡ್ಯಕ್ಕಷ್ಟೇ ಸೀಮಿತವಾದ ಮಾತಲ್ಲ. 2008ರ ನವೆಂಬರಿನಲ್ಲಿ ಮುಂಬೈಗೆ ನುಗ್ಗಿದ ಹತ್ತು ಭಯೋತ್ಪಾದಕರಲ್ಲಿ ಜೀವಂತ ಸಿಕ್ಕಿದ್ದು ಕಸಬ್ ಒಬ್ಬನೇ. ಅವನ ಬಂದೂಕಿನ ನಳಿಗೆಯನ್ನು ಹಿಡಿದುಕೊಂಡು ಗುಂಡುಗಳನ್ನು ತಮ್ಮ ಮೈಗೆ ತೆಗೆದುಕೊಂಡವರು ತುಕಾರಾಂ ಓಂಬಳೆ, ಲಾಠಿ ಹಿಡಿದಿದ್ದ ಸಹಾಯಕ ಸಬ್ ಇನ್‌ಸ್ಪೆಕ್ಟರ್. ಆ ದಾಳಿಯ ಹಿಂದಿನ ಸಂಚು ನ್ಯಾಯಾಲಯದಲ್ಲಿ ಸಾಬೀತಾಗಲು ಓಂಬಳೆ ಹಿಡಿದುಕೊಟ್ಟ ಆ ಒಬ್ಬ ಬೇಕಾಯಿತು. ಅದೇ ದಾಳಿಯಲ್ಲಿ ತಾಜ್ ಹೋಟೆಲಿನೊಳಗೆ ಪ್ರಾಣ ಕೊಟ್ಟ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಶೌರ್ಯಕ್ಕೆ ಇದರಿಂದ ಕಿಂಚಿತ್ತೂ ಕುಂದಿಲ್ಲ. 2022ರಲ್ಲಿ ಅವರ ಬಗ್ಗೆ ‘ಮೇಜರ್’ ಚಿತ್ರ ಬಂತು, ಬರಬೇಕಾದ್ದೇ. ಆದರೆ ಈ ಪ್ರಕಾರ ಒಂದು ಬಗೆಯ ಶೌರ್ಯವನ್ನು ಮಾತ್ರ ಮತ್ತೆ ಮತ್ತೆ ಕಥಾನಾಯಕನ ಪೀಠಕ್ಕೇರಿಸಿ, ಇನ್ನೊಂದನ್ನು ಉಪಕಥೆಗೆ ತಳ್ಳುತ್ತದೆ. ನನ್ನ ತಕರಾರು ಆ ವಿಂಗಡಣೆಯ ಮೇಲೆ.

ಎರಡನೆಯ ಸಾಕ್ಷಿ ಇನ್ನೂ ಹತ್ತಿರದ್ದು. ‘ಉರಿ’ ಚಿತ್ರ ತೆರೆಗೆ ಬಂದದ್ದು 2019ರ ಜನವರಿ 11ರಂದು. ಅದರ ಯೋಧರು ಗಡಿ ದಾಟಿ, ಸೇಡು ತೀರಿಸಿ ಮರಳುತ್ತಾರೆ. ಅದರ ಘೋಷಣೆ ಊರೂರಿನ ಹುಡುಗರ ಬಾಯಲ್ಲಿತ್ತು. ಫೆಬ್ರವರಿ 14ರಂದು ಪುಲ್ವಾಮಾದ ಹೆದ್ದಾರಿಯಲ್ಲಿ ಸಿಆರ್‌ಪಿಎಫ್ ಬಸ್ಸಿಗೆ ಸ್ಫೋಟಕ ತುಂಬಿದ ಕಾರು ಬಂದು ಗುದ್ದಿತು. ಸತ್ತ 40 ಮಂದಿಯಲ್ಲಿ ಒಬ್ಬರು ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು. ಭಯೋತ್ಪಾದನೆಯ ವಿರುದ್ಧ ಹೋರಾಡುವ ಬಹುಪಾಲು ಯೋಧರ ಕೆಲಸ ಹೀಗೆ ಬಸ್ಸಿನಲ್ಲಿ ಕೂತು ಕರ್ತವ್ಯದ ಜಾಗಕ್ಕೆ ಹೋಗುವುದು, ಅಲ್ಲಿ ರಸ್ತೆ ಕಾಯುವುದು, ಚುನಾವಣೆ ಕಾಯುವುದು, ಚಳಿಯಲ್ಲಿ ನಿಲ್ಲುವುದು. ಆ ಬಸ್ಸಿನಲ್ಲಿದ್ದವರಿಗೆ ಗುರಿಯಿಡಲು ಶತ್ರುವೇ ಕಾಣಲಿಲ್ಲ. ಶೌರ್ಯ ತೋರಲು ಒಂದು ಕ್ಷಣವೂ ಸಿಗಲಿಲ್ಲ. ಕಮಾಂಡೊ ಥ್ರಿಲ್ಲರಿನಲ್ಲಿ ಇಂಥ ಸಾವಿಗೆ ಒಂದೇ ಉಪಯೋಗವಿದೆ, ನಾಯಕನ ಸೇಡಿಗೆ ಕಾರಣ ಒದಗಿಸುವುದು. ಮೊದಲ ಹತ್ತು ನಿಮಿಷದಲ್ಲಿ ಜವಾನರು ಸಾಯುತ್ತಾರೆ, ಉಳಿದ ಎರಡು ಗಂಟೆ ಕಮಾಂಡೊಗಳದ್ದು. ಗುಡಿಗೆರೆಯಂಥ ಊರಿನ ಪಾಲಿಗೆ ಆ ಹತ್ತು ನಿಮಿಷವೇ ಇಡೀ ಕಥೆ. ನಾಲೆಯ ನೀರು, ಕಬ್ಬು, ಸಕ್ಕರೆ ಕಾರ್ಖಾನೆಯ ಬಾಕಿ ಹಣ, ಇವುಗಳ ನಡುವೆ ಬದುಕುವ ಸೀಮೆಯಿಂದ ಒಬ್ಬ ಹುಡುಗ ಅರೆಸೇನಾಪಡೆಗೆ ಏಕೆ ಸೇರುತ್ತಾನೆ, ಅವನ ಸಂಬಳ ಯಾವ ಯಾವ ಹೊರೆ ಇಳಿಸುತ್ತದೆ ಎಂಬುದನ್ನು ಬರೆಯದೆ ಯೋಧನ ಬಗ್ಗೆ ಬರೆದೆವೆಂದು ಹೇಳಿಕೊಳ್ಳುವುದು ಕಷ್ಟ.

ಥ್ರಿಲ್ಲರ್ ಎಂದರೆ ರಂಜನೆ, ಅದಕ್ಕೆ ಸಮಾಜಶಾಸ್ತ್ರದ ಹೊರೆ ಏಕೆ ಎಂದು ಕೇಳಬಹುದು. ರಂಜನೆ ಹಗುರವಾದದ್ದಲ್ಲ. ರಾಜಕುಮಾರ್ ಸಿಐಡಿ 999 ಆಗಿ ಬಂದ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ ಚಿತ್ರಗಳನ್ನು ನಾಡು ಮನಸಾರೆ ನೋಡಿ ಸಂತೋಷಪಟ್ಟಿತು. ಅವು ಕಲ್ಪನೆಯ ಶತ್ರುವಿನ ಜೊತೆ ಆಡಿದ ಆಟಗಳು, ಹಾಗೆಂದು ಒಪ್ಪಿಕೊಂಡೇ ಆಡಿದವು. ಇಂದಿನ ಸೈನಿಕ ಥ್ರಿಲ್ಲರ್ ಹಾಗಲ್ಲ. ಅದು ನಿಜವಾದ ದಿನಾಂಕ, ನಿಜವಾದ ದಾಳಿ, ನಿಜವಾದ ಸಾವನ್ನು ಮುಂದಿಟ್ಟು ನಮ್ಮ ನಂಬಿಕೆ ಕೇಳುತ್ತದೆ. ನಂಬಿಕೆ ಕೇಳುವ ಕಥೆ ಸತ್ಯದ ಲೆಕ್ಕವನ್ನೂ ಒಪ್ಪಿಸಬೇಕು. ಕಾಯುವುದು, ಸೋಲುವುದು ಓದುಗರಿಗೆ ರುಚಿಸುವುದಿಲ್ಲ ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಬ್ರಿಟನ್ನಿನ ಎಸ್‌ಎಎಸ್ ಯೋಧ ಆಂಡಿ ಮೆಕ್‌ನ್ಯಾಬ್ ಬರೆದ ‘ಬ್ರಾವೊ ಟೂ ಝೀರೊ’ (1993) ಈ ಬಗೆಯ ಬರವಣಿಗೆಗೆ ದೊಡ್ಡ ಮಾರುಕಟ್ಟೆ ತೆರೆದ ಪುಸ್ತಕ. ಅದು ಹೇಳುವುದು ವಿಫಲವಾದ ಕಾರ್ಯಾಚರಣೆಯ ಕಥೆ. ಎಂಟು ಮಂದಿಯ ತುಕಡಿಯಲ್ಲಿ ಮೂವರು ಸತ್ತರು, ನಾಲ್ವರು ಸೆರೆಸಿಕ್ಕರು. ಕನ್ನಡದಲ್ಲೂ ಅಷ್ಟೇ. 1962ರ ಸೋಲನ್ನು ಒಳಗಿನಿಂದ ಕಂಡು, ಚೀನಾದ ಸೆರೆಯಲ್ಲಿದ್ದು ಬಂದ ಬ್ರಿಗೇಡಿಯರ್ ಜಾನ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದಲ್ಲಿ ಎಷ್ಟು ಮನೆ ಹೊಕ್ಕಿತು! ಬೂಟಿಲ್ಲದ, ಬೆಚ್ಚನೆಯ ಬಟ್ಟೆಯಿಲ್ಲದ ಸಾಮಾನ್ಯ ಜವಾನನನ್ನು ಕನ್ನಡದ ಓದುಗ ಎದೆಗಪ್ಪಿಕೊಂಡಿದ್ದಾನೆ. ಗೆಲುವಿನ ಕಥೆ ಮಾತ್ರ ಬೇಕೆನ್ನುವ ಓದುಗನನ್ನು ಬರಹಗಾರರೇ ಊಹಿಸಿಕೊಂಡಿದ್ದಾರೆ.

  

ಹಾಗಾದರೆ ಮುತ್ತತ್ತಿಯನ್ನು ಯಾರಾದರೂ ಕಾದಂಬರಿಯಾಗಿ ಬರೆಯಬಹುದೇ? ಬರೆಯಬೇಕು, ಬಹಳ ಎಚ್ಚರದಿಂದ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದದ್ದು 1991ರ ಜೂನ್ 25ರಂದು, ಅಡಗುತಾಣಗಳು ಬಯಲಾಗುವುದಕ್ಕೆ ಎರಡು ತಿಂಗಳು ಕೂಡ ಇರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಾವೇರಿಯ ಹೆಸರಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆಯಿತು. ಥ್ರಿಲ್ಲರಿಗೆ ಶತ್ರುವಿನ ಮುಖವೊಂದು ಬೇಕೇ ಬೇಕು, ಆ ವರ್ಷ ಆ ಸೀಮೆಯಲ್ಲಿ ಅಂಥ ಮುಖ ಸಿದ್ಧವಾಗಿಯೇ ಇತ್ತು. ಗಾಯಗೊಂಡು ಅಡಗಿದ್ದ ಬಂಡುಕೋರನಿಗೂ, ತಲೆಮಾರುಗಳಿಂದ ಇಲ್ಲೇ ದುಡಿದು ಬದುಕಿದ ತಮಿಳು ಕೂಲಿಯವನಿಗೂ ವ್ಯತ್ಯಾಸ ಕಾಣದ ಕಾದಂಬರಿ ಬಂದರೆ ಅದು ಬರೀ ಕೆಟ್ಟ ಸಾಹಿತ್ಯವಾಗಿ ಉಳಿಯುವುದಿಲ್ಲ, ಹಾನಿ ಮಾಡುತ್ತದೆ. ಬಾಗಿಲು ಒಡೆಯುವ ಕ್ಷಣದಿಂದ ಕಥೆ ಶುರುಮಾಡುವ ಬರಹಗಾರನಿಗೆ ಈ ವ್ಯತ್ಯಾಸ ಗೊತ್ತಾಗುವ ದಾರಿಯೇ ಇಲ್ಲ, ಏಕೆಂದರೆ ಅದು ಗೊತ್ತಾಗುವುದು ಅದಕ್ಕೂ ಮೊದಲಿನ ವಾರಗಳಲ್ಲಿ: ಯಾರು ಬಾಡಿಗೆಗೆ ಮನೆ ಕೇಳಿದರು, ಯಾರು ಕೊಡಿಸಿದರು, ಯಾರಿಗೆ ಅನುಮಾನ ಬಂತು, ಬಂದ ಅನುಮಾನವನ್ನು ಯಾರ ಬಳಿ ಹೇಳಿದರು ಎಂಬಲ್ಲಿ. ಈ ವಿವರಗಳ ಕಡೆಗೆ ಹೋಗಲು ದಾರಿಯೂ ಇದೆ. ರಾಜೀವ್ ಹತ್ಯೆ ಪ್ರಕರಣದಲ್ಲಿ 26 ಮಂದಿಗೂ ಕೆಳ ನ್ಯಾಯಾಲಯ 1998ರ ಜನವರಿಯಲ್ಲಿ ಗಲ್ಲು ವಿಧಿಸಿತ್ತು. 1999ರ ಮೇ 11ರಂದು ಸುಪ್ರೀಂ ಕೋರ್ಟ್ ಅವರಲ್ಲಿ 19 ಮಂದಿಯನ್ನು ಬಿಡುಗಡೆ ಮಾಡಿತು. ಆಸರೆ ಕೊಟ್ಟವನಿಗೂ ಸಂಚು ಹೂಡಿದವನಿಗೂ ನಡುವಿನ ಗೆರೆ ಎಲ್ಲಿದೆ ಎಂದು ಆ ತೀರ್ಪು ಒಬ್ಬೊಬ್ಬ ಆರೋಪಿಯ ವಿಷಯದಲ್ಲೂ ಸಾಕ್ಷ್ಯ ಹಿಡಿದು ತೂಗಿದೆ. ಮಳವಳ್ಳಿ ಸೀಮೆಯ ನುಡಿಯನ್ನು ಬಲ್ಲ ಬರಹಗಾರರೊಬ್ಬರು ಕೂತು ಓದಬೇಕಾದ ದಾಖಲೆ ಅದು.